ಚರ್ಚಿನ ಗೋಡೆಯ ಕಲ್ಲು

ವಾರ್ಡೆಗೆಮ್ ಊರಿನ ಸಂತೆಮಾಳ ಇಳಿಜಾರು. ಮೇಲ್ತುದಿಗೆ ಚರ್ಚು, ಕೆಳತುದಿಗೆ ಹೊಳೆ. ಮೇಲೆ ಕೈಜಾರಿದ ಸೇಬು ನೀರಿಗೆ ಬೀಳುವವರೆಗೂ ನಿಲ್ಲುವುದಿಲ್ಲ ಎಂದು ಊರವರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಾರೆ. ಆ ಇಳಿಜಾರಿನ ಉದ್ದಕ್ಕೂ ನೆಲಕ್ಕೆ ಸಮನಾಗಿ ಹೂತ ನೀಲಿ ಕಲ್ಲುಗಳಿವೆ. ಒಂದೊಂದು ಕಲ್ಲಿನ ಹಿಂದೆ ಒಬ್ಬೊಬ್ಬಳ ಬೆಣ್ಣೆ, ಮೊಟ್ಟೆ, ಕೋಳಿ. ಯಾರ ಕಲ್ಲು ಎಲ್ಲಿದೆ ಎನ್ನುವುದರ ಮೇಲೆ ಆ ಮನೆಯಲ್ಲಿ ಭಾನುವಾರ ಮಾಂಸವೋ ಬರೀ ಆಲೂಗಡ್ಡೆಯೋ ಎನ್ನುವುದು ನಿಂತಿತ್ತು.

ಜುಲ್ಮಾಳದು ಎಲ್ಲಕ್ಕಿಂತ ಮೇಲಿನ ಕಲ್ಲು, ಚರ್ಚಿನ ಗೋಡೆಗೆ ಒತ್ತಿಕೊಂಡದ್ದು. ರೈಲು ನಿಲ್ದಾಣ ಚರ್ಚಿನ ಬೆನ್ನಿಗೇ ಇರುವುದರಿಂದ ಗೆಂಟ್ ಪಟ್ಟಣದ ವ್ಯಾಪಾರಿಗಳು ಸೋಮವಾರ ಬೆಳಗ್ಗೆ ಇಳಿದು ಬಂದರೆ ಮೊದಲು ಕಾಣುವುದು ಅವಳ ಬೆಣ್ಣೆ. ಅವರು ಕೆಳತುದಿ ಮುಟ್ಟುವ ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು, ಮೂಗು ಮೇಲೇರಿರುತ್ತಿತ್ತು, ಬೆಲೆ ಕೆಳಗಿಳಿದಿರುತ್ತಿತ್ತು.

ಹಿಂದೆ ಹೀಗಿರಲಿಲ್ಲ. ವ್ಯಾಪಾರಿಗಳು ದೋಣಿಯಲ್ಲಿ ಬರುತ್ತಿದ್ದ ಕಾಲಕ್ಕೆ ಹೊಳೆದಂಡೆಯ ಕಲ್ಲೇ ರಾಜನಂಥ ಕಲ್ಲು. ಅದು ರೊಮಾನಿಯ ಮನೆತನದ್ದು. ರೊಮಾನಿಯ ಮುತ್ತಜ್ಜಿ ಅಲ್ಲಿ ರೇಷ್ಮೆಯ ಟೋಪಿ ಹಾಕಿಕೊಂಡು ಬೆಣ್ಣೆ ಮಾರುತ್ತಿದ್ದರೆ, ಜುಲ್ಮಾಳ ಮುತ್ತಜ್ಜಿ ಮೇಲೆ ಗಾಳಿಗೆ ಮುಖ ಒಡ್ಡಿಕೊಂಡು, ಮಿಕ್ಕಿದ ಗಿರಾಕಿ ಯಾರಾದರೂ ಗುಡ್ಡ ಹತ್ತಿ ಬಂದಾರೆಂದು ಕಾಯುತ್ತಿದ್ದಳು. ಆಮೇಲೆ ಗುಡ್ಡದ ಬೆನ್ನ ಮೇಲೆ ರೈಲು ಕಂಬಿ ಬಿತ್ತು. ಊರು ಇದ್ದಲ್ಲೇ ಇದ್ದು ತಲೆಕೆಳಗಾಯಿತು. ದೋಣಿಗಳು ಹೋದವು. ಹೊಳೆದಂಡೆಯ ಕಲ್ಲಿಗೆ ಚಳಿಗಾಲದ ನೆರೆ ಮತ್ತು ಹಳೆಯ ಜಂಬ ಎರಡೇ ಉಳಿದವು.

ಯಾರ ಕಲ್ಲು ಯಾರದು ಎನ್ನುವುದಕ್ಕೆ ಈ ಊರಲ್ಲಿ ಕಾಗದವಿಲ್ಲ. ಯಾವ ಕಾಲದಲ್ಲೋ ಸ್ಪೇನಿನ ಸಿಪಾಯಿಗಳು ಊರು ಸುಟ್ಟಾಗ ಕಾಗದವೆಲ್ಲ ಬೂದಿಯಾಯಿತಂತೆ. ಉಳಿದ ಜನ ತಮ್ಮ ತಮ್ಮ ಕಲ್ಲಿನ ಮೇಲೆ ಕಾಲಿಟ್ಟು ಹೆಸರು ಕೂಗಿದರಂತೆ. ಅಂದಿನಿಂದ ವರ್ಷಕ್ಕೊಮ್ಮೆ, ಫೆಬ್ರವರಿಯ ಮೋಂಬತ್ತಿ ಹಬ್ಬ ಕಳೆದ ಸೋಮವಾರ, ಸಂತೆ ಮೇಸ್ತ್ರಿ ಕೈಗಂಟೆ ಹೊಡೆಯುತ್ತಾ ಮೇಲಿನಿಂದ ಕೆಳಗಿಳಿಯುತ್ತಾನೆ. ಪ್ರತಿ ಕಲ್ಲಿನ ಮುಂದೆಯೂ ನಿಂತು "ಈ ಕಲ್ಲು ಯಾರದು?" ಎನ್ನುತ್ತಾನೆ. ಕಾಲಿಟ್ಟವರು ಹೆಸರು ಹೇಳುತ್ತಾರೆ, ಅವನು ಸೀಮೆಸುಣ್ಣದಲ್ಲಿ ಆ ಮನೆಯ ಗುರುತು ಬರೆಯುತ್ತಾನೆ, ವರ್ಷಪೂರ್ತಿ ಕಲ್ಲು ಅವರದು. ಜ್ವರ ಬಂದು ಮಲಗಿದವಳ ಕಲ್ಲಿನ ಮೇಲೆ ನೆರೆಯವಳು ನಿಂತು ಅವಳ ಹೆಸರು ಹೇಳಬಹುದು. ಹಾಗೆ ನಿಂತವಳು ತನ್ನ ಹೆಸರು ಹೇಳಿಕೊಳ್ಳಬಾರದು ಎಂದು ಕಟ್ಟಳೆಯೇನೂ ಇರಲಿಲ್ಲ. ಹೆತ್ತ ತಾಯಿಯ ಮುಖಕ್ಕೆ ಉಗುಳಬಾರದು ಎಂದು ಯಾರಾದರೂ ಹಲಗೆ ಬರೆದು ತಗುಲಿಹಾಕುತ್ತಾರೆಯೇ?

ಆ ವರ್ಷ ಹಬ್ಬದ ಭಾನುವಾರ ಸಂಜೆ ಜುಲ್ಮಾ ಬಾಣಲೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ಹೊಳೆಯಾಚೆಯಿಂದ ಸುದ್ದಿ ಬಂತು. ಮಗಳು ಬೆರ್ತಾಗೆ ನೋವು ಶುರುವಾಗಿತ್ತು, ಚೊಚ್ಚಲು. ಒಲೆಯ ಪಕ್ಕ ಕೂತು ದೋಸೆ ತಿನ್ನುತ್ತಿದ್ದ ರೊಮಾನಿಯೇ ಮೊದಲು ಎದ್ದಳು. ಇವರಿಬ್ಬರದೂ ಚಿಕ್ಕಂದಿನ ಸ್ನೇಹ. ಯುದ್ಧದಲ್ಲಿ ಚರ್ಚಿನ ಗೋಪುರ ಉರುಳಿದಾಗ ಒಂದೇ ನೆಲಮಾಳಿಗೆಯಲ್ಲಿ, ಒಂದೇ ಕಂಬಳಿಯೊಳಗೆ ಕೂತಿದ್ದವರು.

"ಇನ್ನೂ ಏನ್ ನೋಡ್ತಿದೀಯಾ? ಹೊರಡೇ!" ಎಂದಳು ರೊಮಾನಿ.

"ನಾಳೆ ಕಲ್ಲಿನ ದಿನ ಕಣೇ."

"ಇದ್ರೆ ಏನೀಗ? ಮಗಳು ಅಲ್ಲಿ ಕಿರುಚ್ಕೊಳ್ತಿದ್ರೆ ನೀನಿಲ್ಲಿ ಕಲ್ಲು ಕಾಯ್ಕೊಂಡ್ ಕೂತ್ಕೋತೀಯಾ? ನಾನೇನ್ ಸತ್ತೋಗಿದೀನಾ?"

"ನಿನ್ನ ಕಲ್ಲು?"

"ಆ ಕೆಸರಿನ ಕಲ್ಲನ್ನ ಯಾರ್ ಕದೀತಾರೆ ಮಾರಾಯ್ತಿ, ಬಾತುಕೋಳಿನಾ? ಮೇಸ್ತ್ರಿ ಆಖೀಲ್ ಅಲ್ಲಿಗೆ ಬರೋದು ಕೊನೇಲಿ. ನಿಂದು ಮುಗ್ಸಿ ಓಡ್ತೀನಿ."

"ನನ್ನ ಹೆಸರು ಜೋರಾಗಿ ಹೇಳು. ಮರ್ತೀಯಾ ಮತ್ತೆ."

"ನಿನ್ನ ಹೆಸರು ಮರೆಯೋಕೆ ನಾನೇನು ನಿನ್ನ ಗಂಡನೇ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಿಯರಿನ ಲೋಟದ ಹಿಂದಿನಿಂದ ಜುಲ್ಮಾಳ ಗಂಡನೂ ನಕ್ಕ; ಕುಡಿದು ಮಲಗಿದ ಅವನನ್ನು ಸೋಮವಾರ ಬೆಳಗ್ಗೆ ಎಬ್ಬಿಸಿ ಕಲ್ಲಿನ ಮೇಲೆ ನಿಲ್ಲಿಸುವುದು ಯಾರಿಂದಲೂ ಆಗದ ಮಾತು.

ಸೋಮವಾರ ಬೆಳಕು ಹರಿಯುವಾಗ ಹೆಣ್ಣುಮಗು ಹುಟ್ಟಿತು. ಮೊದಲ ಹೆಣ್ಣನ್ನು ಜ್ಞಾನಸ್ನಾನಕ್ಕೆ ಎತ್ತಿಕೊಳ್ಳುವ ಜ್ಞಾನತಾಯಿ ತಾಯಿಯ ತಾಯಿಯೇ, ಅವಳ ಹೆಸರೇ ಮಗುವಿಗೆ. ಆ ಕಡೆಯ ಪದ್ಧತಿ ಅದು. ಬೆರ್ತಾಳ ಅತ್ತೆ ಲಿಯೊನಿ ಮುಖ ಹುಳ್ಳಗೆ ಮಾಡಿಕೊಂಡು ಆಗಲೇ ಅದಕ್ಕೆ ಸಿದ್ಧಳಾಗಿದ್ದಳು. ಮದುವೆ ಊಟದಲ್ಲಿ ಹಂದಿಮಾಂಸ ತೆಳ್ಳಗೆ ಕೊಯ್ದು ಬಡಿಸಿದರು ಎಂದು ಬೀಗಿತ್ತಿಯರ ನಡುವೆ ಮಾತು ನಿಂತು ವರ್ಷ ದಾಟಿತ್ತು. ಆದರೆ ಜುಲ್ಮಾ ಬೇರೆಯೇ ಮಾತಾಡಿದಳು.

"ರೊಮಾನಿ ಜ್ಞಾನತಾಯಿ ಆಗ್ಲಿ. ಅವಳ ಹೆಸರೇ ಇಡೋಣ."

"ನಿನ್ ಹೆಸರು ಬೇಡ್ವಾ ಅಮ್ಮಾ?" ಎಂದಳು ಬೆರ್ತಾ.

"ನನ್ನ ಹೆಸರೇನ್ ಓಡಿಹೋಗುತ್ತಾ? ಇನ್ನೊಂದು ಹೆತ್ತಾಗ ಇಡುವಿಯಂತೆ. ಈಗ ಈ ಚಳೀಲಿ ನನ್ನ ಕಲ್ಲಿನ ಮೇಲೆ ನಿಂತಿರೋಳು ಅವಳು ಕಣೇ."

ಅಳಿಯ ಪಾದ್ರಿಗಳಿಗೂ ರೊಮಾನಿಯ ಮನೆಗೂ ಹೇಳಿಬರಲು ಹೋದ. ಮಧ್ಯಾಹ್ನಕ್ಕೇ ಜ್ಞಾನಸ್ನಾನ ಎಂದಾಯಿತು. ಜುಲ್ಮಾ ಶಾಲು ಹೊದ್ದು ಸಂತೆಗೆ ಹೊರಟಳು. ನಿದ್ದೆಗೆಟ್ಟಿದ್ದರೂ ಕಾಲು ಹಗುರವಾಗಿತ್ತು. ಕೊಡುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಅಂದೇ ಗೊತ್ತಾಗಿದ್ದು, ಪಾಪ.

ಸೇತುವೆ ದಾಟಿದಾಗ ಹೊಳೆದಂಡೆಯ ಕಲ್ಲು ಬರಿದಾಗಿತ್ತು. ಬೆಣ್ಣೆಯಿಲ್ಲ, ಗುರುತಿಲ್ಲ. ಪೆದ್ದಿ, ನನ್ನ ಕೆಲಸದ ಗಡಿಬಿಡಿಯಲ್ಲಿ ತನ್ನದನ್ನೇ ಕಳಕೊಂಡಳೇ ಎಂದು ಜುಲ್ಮಾ ಅವಸರವಸರವಾಗಿ ಮಾಳ ಹತ್ತಿದಳು. ದಾರಿಯಲ್ಲಿ ಯಾರೂ "ಏನ್ ಮಗು?" ಎಂದು ಕೇಳಲಿಲ್ಲ. ಎಲ್ಲರಿಗೂ ಅಂದು ತಮ್ಮ ತಮ್ಮ ಮೊಟ್ಟೆ ಎಣಿಸುವ ಕೆಲಸ ಬಂದುಬಿಟ್ಟಿತ್ತು.

ಮೇಲೆ ರೊಮಾನಿ ಅವಳ ಜಾಗದಲ್ಲಿ ಕೂತಿದ್ದಳು. ಮುಂದಿದ್ದ ಬೆಣ್ಣೆ ರೊಮಾನಿಯದೇ, ಅರ್ಧ ಆಗಲೇ ಮಾರಿಹೋಗಿತ್ತು. ಕಲ್ಲಿನ ಮೇಲೆ ಜುಲ್ಮಾಳ ಮನೆಯ ಉಂಗುರದ ಗುರುತಿರಲಿಲ್ಲ. ರೊಮಾನಿಯ ಎರಡು ಗೆರೆ ಇತ್ತು.

"ಹೆಣ್ಣು ಕಣೇ!" ಎಂದಳು ಜುಲ್ಮಾ ಏದುಸಿರು ಬಿಡುತ್ತಾ. "ನೋಡು, ಆಖೀಲನಿಗೆ ಕಣ್ಣು ಹೋಗಿದೆ. ನಿನ್ನ ಗುರುತನ್ನ ಇಲ್ಲಿ ಹಾಕಿದಾನೆ."

ರೊಮಾನಿ ಬೆಣ್ಣೆಯ ಮೇಲಿನ ಬಟ್ಟೆ ಸರಿಮಾಡಿದಳು. "ಅವನ ಕಣ್ಣು ಸರಿಯಾಗೇ ಇದೆ."

ಜುಲ್ಮಾಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ನಂಬಿಕೆ ಬರಲಿಲ್ಲ. ಪಕ್ಕದ ಕಲ್ಲಿನ ಮುದುಕಿ ಸಿಡೋನಿಯ ಕಡೆ ತಿರುಗಿದಳು. "ಸಿಡೋನಜ್ಜೀ, ಇವಳು ಯಾರ ಹೆಸರು ಹೇಳಿದ್ಲು?"

"ನಂಗೆ ಕಿವಿ ಮಂದ ಕಣಮ್ಮಾ."

ಹೊಳೆದಂಡೆಯಲ್ಲಿ ಚಿಲ್ಲರೆ ಬಿದ್ದರೆ ಇಲ್ಲಿಂದಲೇ ಎಷ್ಟೆಂದು ಹೇಳುವ ಕಿವಿ ಅದು! ಅದರಾಚೆಯ ಕೋಳಿಯವಳು ಕೋಳಿಯ ಕಾಲು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಎಲ್ಲರೂ ಕೇಳಿಸಿಕೊಂಡಿದ್ದರು. ಒಬ್ಬಳಾದರೂ "ಏ ರೊಮಾನಿ, ಬಾಯಿ ತಪ್ಪಿತೇನೇ?" ಎಂದಿದ್ದರೆ ಸಾಕಿತ್ತು. ವರ್ಷಗಟ್ಟಲೆ ಇವರಿಗೆಲ್ಲ ಚಳಿಯಲ್ಲಿ ಬಿಸಿ ಕಾಫಿ ಹಂಚಿದ್ದಳು ಜುಲ್ಮಾ. ಅವಳಿಗೆ ರೊಮಾನಿಗಿಂತ ಇವರ ಮೇಲೆ ಹೆಚ್ಚು ಹೊಟ್ಟೆ ಉರಿಯಿತು.

"ಯಾಕೇ?" ಎಂದು ರೊಮಾನಿಯ ಕಡೆ ತಿರುಗಿದಳು.

"ಯಾಕೆ ಅಂತ ಕೇಳ್ತೀಯಾ? ನಮ್ಮಜ್ಜಿ ಆ ಕೆಸರಲ್ಲಿ ನಿಂತು ಸತ್ಲು. ನಮ್ಮಮ್ಮನ ಕಾಲು ನೀನೇ ನೋಡಿದೀಯಾ, ಕುಂಬಳಕಾಯಿ ಆಗಿತ್ತು. ನಿಮ್ಮೋರೇನು ಬೆವರು ಸುರ್ಸಿದ್ರಾ? ರೈಲು ಬಂತು, ಮೇಲಾದ್ರಿ."

"ನನ್ನ ಕೇಳ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಜುಲ್ಮಾ ಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ನಿನ್ನನ್ನೇನು ಬೀದಿಗೆ ಹಾಕಿಲ್ಲ," ಎಂದಳು ರೊಮಾನಿ, ದನಿ ತಗ್ಗಿಸಿ. "ನನ್ನ ಕಲ್ಲನ್ನ ಖಾಲಿ ಬಿಟ್ಟಿದೀನಿ, ನಿಂಗೇ ಅಂತ. ಅದಲು ಬದಲು ಅಂದ್ಕೋ."

ಅಷ್ಟರಲ್ಲಿ ಸಂತೆ ಮೇಸ್ತ್ರಿ ಆಖೀಲ್ ಗಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಜುಲ್ಮಾ ಅವನ ತೋಳು ಹಿಡಿದಳು. "ಇದು ನನ್ನ ಕಲ್ಲು ಅಂತ ನಿಂಗೊತ್ತಿಲ್ವೇನೋ? ಇಷ್ಟು ವರ್ಷ ನೋಡಿದೀಯಲ್ಲೋ!"

"ನೋಡೋದು ನನ್ನ ಕೆಲ್ಸ ಅಲ್ಲ ತಾಯಿ. ಕೇಳೋದು. ಕೇಳ್ದೆ, ಹೇಳಿದ್ಲು, ಬರ್ದೆ." ಅವನು ಬೂಟು ನೋಡಿಕೊಂಡ. "ಕೆಳಗಿಂದು ಮಧ್ಯಾಹ್ನದ ಗಂಟೆ ಹೊಡಿಯೋ ತನಕ ಖಾಲಿ. ಆಮೇಲೆ ಹಾವುಮೀನು ಮಾರೋನು ಕೇಳ್ತಿದಾನೆ. ಬೇಗ ಇಳೀರಿ."

ಹೊಟ್ಟೆಗೆ ಮಾನ ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಹಸುಗಳಿದ್ದವು, ನಾಳೆಯೂ ಹಾಲು ಕೊಡುವಂಥವು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನೂ ಆಗುವುದಿಲ್ಲ. ಜುಲ್ಮಾ ಇಳಿದಳು. ಮಗಳ ಮದುವೆಯಲ್ಲಿ ಮೆರವಣಿಗೆ ಇಳಿದಾಗ ಸಿಕ್ಕಷ್ಟೇ ಕಣ್ಣುಗಳು ಈಗಲೂ ಅವಳ ಬೆನ್ನ ಮೇಲಿದ್ದವು. ಕೆಸರಿನಲ್ಲಿ ಬೂಟು ಹೂತಿತು. ಹಿಂದೆಯೇ ಬಂದಿದ್ದ ಆಖೀಲ್ "ಈ ಕಲ್ಲು ಯಾರದು?" ಎಂದ. ಸೋತ ಮೇಲೂ ಹೆಸರನ್ನು ಗಟ್ಟಿಯಾಗಿಯೇ ಹೇಳಬೇಕು, ಇಲ್ಲದಿದ್ದರೆ ಗುರುತು ಬೀಳುವುದಿಲ್ಲ. "ಜುಲ್ಮಾ," ಎಂದಳು. ಒದ್ದೆ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿಯದೆ ಆಖೀಲ್ ಉಂಗುರವನ್ನು ಮತ್ತೆ ಮತ್ತೆ ತಿದ್ದಿದ.

ಬಾಣಂತಿಗೆ ಅವಳು ಏನೂ ಹೇಳಲಿಲ್ಲ. ಹಸಿಮೈಯ ಹುಡುಗಿ, ಹಾಲು ಬತ್ತಿದರೆ? ಜ್ಞಾನತಾಯಿಯನ್ನು ಕೊನೆ ಗಳಿಗೆಯಲ್ಲಿ ಬದಲಿಸಿದರೆ ಮಗುವಿಗೆ ಕೇಡು ಎನ್ನುವ ಭಯವೂ ಇತ್ತು. ಹೇಗೂ ರೊಮಾನಿ ಬರಲಾರಳು, ಅಷ್ಟಾದರೂ ನಾಚಿಕೆ ಇದ್ದೀತು ಎಂದುಕೊಂಡಳು.

ರೊಮಾನಿ ಬಂದಳು! ಭಾನುವಾರದ ಕರಿ ಕೋಟು, ಕೈಯಲ್ಲಿ ಸಕ್ಕರೆ ಹಚ್ಚಿದ ಬಾದಾಮಿಯ ಪೊಟ್ಟಣ. ಅಳಿಯ ಏನೂ ಅರಿಯದೆ ಮಗುವನ್ನು ಅವಳ ತೋಳಿಗಿಟ್ಟ. ಬೆರ್ತಾ ಮನೆಯಲ್ಲೇ ಮಲಗಿದ್ದಳು. ಉಳಿದವರು, ಅಳಿಯ, ಲಿಯೊನಿ, ಜುಲ್ಮಾ, ಹಿಂದೆ ಹಿಂದೆ ಚರ್ಚಿಗೆ ನಡೆದರು. ಮಗುವಿನ ಉಣ್ಣೆಯ ಟೋಪಿ ರೊಮಾನಿಯ ಕೆನ್ನೆಗೆ ತಾಗುತ್ತಿದ್ದುದನ್ನು ನೋಡುತ್ತಾ ನಡೆಯುವುದು ಜುಲ್ಮಾಗೆ ಕೆಂಡದ ಮೇಲೆ ನಡೆದ ಹಾಗಾಯಿತು.

ನೀರಿನ ತೊಟ್ಟಿಯ ಬಳಿ ಪಾದ್ರಿಗಳು ಪುಸ್ತಕ ತೆರೆದರು. ಮಗುವಿನ ಹೆಸರನ್ನು ಜ್ಞಾನತಾಯಿಯೇ ಹೇಳಬೇಕು.

"ಮಗುವಿಗೆ ಯಾವ ಹೆಸರು?"

ರೊಮಾನಿ ಇಡೀ ಚರ್ಚಿಗೆ ಕೇಳುವ ಹಾಗೆ ಹೇಳಿದಳು: "ಜುಲ್ಮಾ."

ಪಾದ್ರಿಗಳು ಅಳಿಯನ ಮುಖ ನೋಡಿದರು. "ಬೆಳಗ್ಗೆ ರೊಮಾನಿ ಅಂದ್ಯಲ್ಲಪ್ಪಾ?"

ಅಳಿಯ ಜುಲ್ಮಾಳ ಮುಖ ನೋಡಿದ. ಎಲ್ಲರೂ ನೋಡಿದರು. ರೊಮಾನಿಯ ಕಣ್ಣು ತುಂಬಿತ್ತು, ಅದು ನಾಟಕವಲ್ಲ. ಅದೇ ಜುಲ್ಮಾಗೆ ಸಹಿಸಲಾಗದ್ದು. ಎಷ್ಟು ಸ್ಪಷ್ಟವಾದ ದನಿ! ಬೆಳಗ್ಗೆ ಈ ಗೋಡೆಯ ಆ ಬದಿಯಲ್ಲಿ ಹೀಗೇ, ಇಷ್ಟೇ ಜೋರಾಗಿ ಬರಬೇಕಿದ್ದ ದನಿ ಅದು. ಅಲ್ಲಿ ಆ ಹೆಸರಿಗೆ ಬೆಲೆಯಿತ್ತು, ಅಲ್ಲಿ ನುಂಗಿದಳು. ಇಲ್ಲಿ ಪುಕ್ಕಟೆ, ಇಲ್ಲಿ ಉದಾರಿಯಾಗಿದ್ದಾಳೆ. ಹಸು ಕೊಂದು ಕೆರ ದಾನ ಮಾಡುವುದು ಎಂದರೆ ಇದೇ. ಹೂಂ ಎಂದರೆ ಲೆಕ್ಕ ಚುಕ್ತಾ ಆದ ಹಾಗೆ. ಊಹೂಂ ಎಂದರೆ ಮೊಮ್ಮಗಳನ್ನು ಸಾಯುವತನಕ ರೊಮಾನಿ ಎಂದು ಕರೆಯಬೇಕು.

"ಎರಡೂ ಬೇಡ ಫಾದರ್," ಎಂದಳು ಜುಲ್ಮಾ. "ಲಿಯೊನಿ ಅಂತ ಇಡಿ."

ಬೀಗಿತ್ತಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನನ್ ಹೆಸರಾ? ನನ್ನದಾ?" ಎನ್ನುತ್ತಾ ಜಪಮಾಲೆಯನ್ನು ನೆಲಕ್ಕೆ ಬೀಳಿಸಿದಳು.

"ಜುಲ್ಮಾ..." ಎಂದಳು ರೊಮಾನಿ, ಬೇಡಿಕೊಳ್ಳುವವಳಂತೆ.

"ಆ ಹೆಸರು ಇನ್ನು ನಿನ್ನ ಬಾಯಲ್ಲಿ ಬೇಡ ಕಣೇ. ಹೇಳೋ ಹೊತ್ತಲ್ಲಿ ಹೇಳ್ಲಿಲ್ಲ."

ಪಾದ್ರಿಗಳಿಗೆ ಊರಿನ ಜಗಳ ಹೊಸದಲ್ಲ. ಅವರು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು, ಮಗುವಿಗೆ ಯಾವ ಹೆಸರು ಎಂದು ಮತ್ತೆ ಕೇಳಿದರು. ಹೇಳಬೇಕಾದವಳು ರೊಮಾನಿಯೇ. ಮೊದಲ ಸಲ ಅವಳ ತುಟಿ ಆಡಿತು, ದನಿ ಹೊರಡಲಿಲ್ಲ. ಪಾದ್ರಿಗಳು ಇನ್ನೊಮ್ಮೆ ಕೇಳಿ "ಲಿಯೊನಿ" ಎಂದು ಹೇಳಿಸಿದರು. ಮಗುವಿನ ನೆತ್ತಿಗೆ ನೀರು ಬಿದ್ದು ಅದು ಚೀರಿತು. ಅದರ ತಲೆ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತಿದ್ದ ಜುಲ್ಮಾ, ರೊಮಾನಿಯ ಕೈಗೆ ತನ್ನ ಕೈ ತಾಗದ ಹಾಗೆ, ಮೊಮ್ಮಗಳನ್ನು ಎತ್ತಿಕೊಂಡಳು.