ಅಮಾವಾಸ್ಯೆಯ ಇಳಿತ

ಚಂದ್ರ ಇಲ್ಲದ ದಿನ ಸಮುದ್ರ ಇಳಿಯುವುದಿಲ್ಲ ಎಂದು ನನಗೆ ಹೇಳಿಕೊಟ್ಟವನು ನನ್ನ ಭಾವ. ನಾನು ನಂಬಿದೆ. ಚಂದ್ರನ ಪಾಠ ಬರುವ ಮೊದಲೇ ಶಾಲೆ ಬಿಟ್ಟವನು ನಾನು. ಒಳನಾಡಿನಿಂದ ಬಂದು ಅಕ್ಕನ ಮನೆ ಸೇರಿದವನು. ಸಮುದ್ರದ ವಿಷಯದಲ್ಲಿ ಭಾವ ಬಾಯಿಬಿಟ್ಟಿದ್ದೇ ನನಗೆ ಪಾಠ.

ದಡದಿಂದ ದೂರ ಒಂದು ಮರಳು ದಿಬ್ಬವಿದೆ. ಸುತ್ತ ಮುಳುಗು ಬಂಡೆ, ದೋಣಿ ಅತ್ತ ಹೋಗುವ ಹಾಗಿಲ್ಲ. ನೀರು ಪೂರ್ತಿ ಇಳಿದ ಬೆಳಿಗ್ಗೆ ಮಾತ್ರ ನಡೆದು ಹೋಗಬಹುದು. ಆ ದಿಬ್ಬದ ಅಂಚಿನಲ್ಲಿ ಗೂಟ ಹೊಡೆದೆ. ಹರಿದ ನೀಲಿ ಬಲೆಗಳನ್ನು ಹೊಸೆದು ಹಗ್ಗ ಮಾಡಿದೆ. ಬಂಡೆಗಳಿಂದ ಕೆತ್ತಿ ತಂದ ಕಪ್ಪೆಚಿಪ್ಪಿನ ಮರಿಗಳನ್ನು ಹಗ್ಗಕ್ಕೆ ಸುತ್ತಿ ಇಳಿಬಿಟ್ಟೆ. ಜಾಗ ತೋರಿಸಿದ್ದು ಭಾವ, ಮೈ ಮುರಿದದ್ದು ನಾನು. ಬೆಳೆ ಕೈಗೆ ಬಂದರೆ ಭಾವನ ಹಳೆಯ ದೋಣಿ ನನ್ನದು, ನಾನು ದುಡಿಯುವ ಐಸ್ ಫ್ಯಾಕ್ಟರಿಗೆ ದೊಡ್ಡ ನಮಸ್ಕಾರ. ಇದು ನಮ್ಮಿಬ್ಬರ ಮಾತು.

ಒಂದು ಹುಣ್ಣಿಮೆಯ ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಬೆನ್ನ ಹಿಂದೆ ಸೂರ್ಯ ಎದ್ದಿದ್ದ. ಎದುರಿಗೆ ಚಂದ್ರ ಇನ್ನೂ ಮುಳುಗಿರಲಿಲ್ಲ, ಸವೆದ ಸೋಪಿನ ಬಿಲ್ಲೆಯ ಹಾಗಿದ್ದ. ಹಗ್ಗಗಳು ಚಿಪ್ಪು ತುಂಬಿ ನನ್ನ ತೊಡೆಯಷ್ಟು ದಪ್ಪವಾಗಿದ್ದವು.

“ತೆಗೆದುಬಿಡೋಣ ಭಾವ.”

“ಆತುರ ಯಾಕೋ ಐಸಪ್ಪ?” ಫ್ಯಾಕ್ಟರಿಯಲ್ಲಿ ಐಸ್ ಒಡೆಯಲು ಸೇರಿದಾಗಿನಿಂದ ಅವನ ಬಾಯಲ್ಲಿ ನಾನು ಐಸಪ್ಪ. “ಇನ್ನೊಂದು ಸಲ ಚಂದ್ರ ತುಂಬಲಿ. ಆಗ ಚಿಪ್ಪೊಳಗೂ ತುಂಬಿರುತ್ತೆ.”

“ಮಧ್ಯೆ ಅಮಾವಾಸ್ಯೆಗೆ ಬಂದು ನೋಡೋಣ್ವಾ?”

“ಅಮಾವಾಸ್ಯೆಗೆ ಬರೋಕೆ ನೀನೇನು ಮೀನಾ? ಚಂದ್ರನೇ ಇಲ್ಲ ಅಂದ್ಮೇಲೆ ನೀರನ್ನ ಎಳೆಯೋರು ಯಾರೋ? ನಿಮ್ಮಪ್ಪನಾ?”

ಅಪ್ಪನ ಹೆಸರೆತ್ತಿದರೂ ನಕ್ಕೆ. ಅಂಥಾ ಪೆದ್ದ ನಾನು.

ಆ ತಿಂಗಳು ಚಂದ್ರನಿಗೆ ಕಾದ ಹಾಗೆ ಯಾವ ಹುಡುಗಿಗೂ ಕಾದವನಲ್ಲ. ಮೊದಲು ಕೆಲಸ ಬಿಟ್ಟು ಬರುವ ಹೊತ್ತಿಗೆ ಹುಟ್ಟುತ್ತಿದ್ದ. ಆಮೇಲೆ ದಿನಕ್ಕಿಷ್ಟು ತಡ: ಊಟ ಮುಗಿದ ಮೇಲೆ, ಹಾಸಿಗೆ ಹಾಸಿದ ಮೇಲೆ, ಕೊನೆಗೆ ನನಗೆ ನಿದ್ದೆ ಹತ್ತಿದ ಮೇಲೆ. ಒಂದು ಬೆಳಿಗ್ಗೆ ಫ್ಯಾಕ್ಟರಿಗೆ ಹೊರಟಾಗ ನೆತ್ತಿಯ ಮೇಲೆ ಅರ್ಧವೇ ಉಳಿದಿದ್ದ. ದಡಕ್ಕೆ ಹೋಗಿ ನೋಡಿದರೆ ನೀರೂ ಅರ್ಧಕ್ಕೇ ನಿಂತಿತ್ತು. ದಿಬ್ಬದ ಸುಳಿವೇ ಇಲ್ಲ. ಭಾವನ ಮಾತಿಗೆ ನನ್ನ ಕಣ್ಣೇ ಸಾಕ್ಷಿ ಹೇಳಿತು. ಅರ್ಧ ಚಂದ್ರನ ಬಲ ಇಷ್ಟೇ ಅಂದಮೇಲೆ ಚಂದ್ರನೇ ಇಲ್ಲದ ದಿನ ಕೇಳಬೇಕೆ?

ಅಮಾವಾಸ್ಯೆ ಬಂದರೆ ಫ್ಯಾಕ್ಟರಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಕತ್ತಲೆಗೆ ಮೀನು ಚೆನ್ನಾಗಿ ಬೀಳುತ್ತದೆಂದು ದೋಣಿಗಳೆಲ್ಲ ಹೊರಡುತ್ತವೆ, ಎಲ್ಲಕ್ಕೂ ಐಸ್ ಬೇಕು. ಪ್ರತಿ ಅಮಾವಾಸ್ಯೆಗೂ ಬೆಳಕು ಹರಿಯುವ ಮೊದಲೇ ನಾನು ಒಳಗೆ. ಸಮುದ್ರ ಇಳಿಯಿತೋ ಹತ್ತಿತೋ ಕಂಡವನಲ್ಲ. ಆ ಸಲ ಮಧ್ಯಾಹ್ನಕ್ಕೆ ಮುಂಚೆ ಒಂದು ಟೆಂಪೊ ಬಂತು. ಹಿಂದೆ ನೀರು ಸೋರುವ ಗೋಣಿಚೀಲಗಳು.

“ಗಡ್ಡೆ ಬೇಡ, ಪುಡಿ ಮಾಡ್ಕೊಡಪ್ಪ,” ಎಂದ ಡ್ರೈವರ್. “ಒಳ್ಳೆ ಮಾಲು, ನಾಜೂಕಾಗಿ ಮಲಗಿಸ್ಬೇಕು.”

“ಜೋಗುಳಾನೂ ಹಾಡ್ಲಾ?” ಎಂದೆ.

ಅವನು ಬಿದ್ದು ಬಿದ್ದು ನಕ್ಕ. ನಾನು ಐಸ್ ಪುಡಿ ಮಾಡಿ, ನನ್ನ ಕೈಯಾರೆ ಆ ಚೀಲಗಳಿಗೆ ಹೊದಿಸಿದೆ. ಒಂದರ ಬಾಯಿಗೆ ನೀಲಿ ಹಗ್ಗ ಕಟ್ಟಿತ್ತು. ನೋಡಿ ಸುಮ್ಮನಾದೆ. ನೀಲಿ ಬಲೆಗೇನು ಬರವೇ?

ಮತ್ತೆ ಸಂಜೆಯ ಆಕಾಶದಲ್ಲಿ ಉಗುರಿನಷ್ಟು ಚಂದ್ರ ಕಂಡ, ಸೂರ್ಯನ ಬೆನ್ನಿಗೇ ಮುಳುಗಿದ. ದಿನದಿನಕ್ಕೆ ದಪ್ಪವಾಗುತ್ತಾ, ಮುಳುಗುವುದನ್ನು ಮುಂದೂಡುತ್ತಾ ಹೋದ. ಹುಣ್ಣಿಮೆಯ ಮರುದಿನ ಚೀಲ, ಚಾಕು ಹಿಡಿದು ದಿಬ್ಬಕ್ಕೆ ನಾನೇ ಮುಂದೆ ಓಡಿದೆ.

ಗೂಟಗಳಿದ್ದವು. ಒಂದೊಂದರಲ್ಲೂ ಗೇಣುದ್ದ ನೀಲಿ ಹಗ್ಗ ನೇತಾಡುತ್ತಿತ್ತು. ಚಿಪ್ಪು ಒಂದೂ ಇಲ್ಲ.

ಭಾವ ಹಿಂದಿನಿಂದ ಬಂದು ತಲೆಯ ಮೇಲೆ ಕೈ ಹೊತ್ತ. “ಅಯ್ಯೋ! ಏಡಿ ತಿಂದಿರ್ಬೇಕು ಕಣೋ. ಇಲ್ಲಾ ಸೆಳೆತಕ್ಕೆ ಹರಿದು ಹೋಗಿರ್ಬೇಕು.”

ಹಗ್ಗದ ತುದಿ ಹಿಡಿದು ನೋಡಿದೆ. ಒಂದೇ ಏಟಿಗೆ ಕೊಯ್ದ ತುದಿ. ಟೆಂಪೊದ ಚೀಲ ಕಣ್ಣ ಮುಂದೆ ಬಂತು.

“ಏಡಿಗಳು ಚಾಕು ಹಿಡ್ಕೊಂಡು ಬಂದಿದ್ವಾ ಭಾವ? ಟೆಂಪೊನೂ ಅವೇ ಕರೆಸಿದ್ವಾ?”

“ಏನೋ ಹಾಗಂದ್ರೆ?”

“ಅಮಾವಾಸ್ಯೆಗೆ ನೀರು ಇಳಿಯಲ್ಲ ಅಂದ್ರಲ್ಲ.”

ಅವನು ನನ್ನ ಮುಖ ನೋಡಲಿಲ್ಲ. “ನೀರು ಏರ್ತಿದೆ, ನಡಿ ನಡಿ,” ಎಂದು ದಡದ ಕಡೆ ತಿರುಗಿದ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

“ಅಕ್ಕಾ, ಅಮಾವಾಸ್ಯೆಗೆ ಸಮುದ್ರ ಇಳಿಯುತ್ತಾ?”

ಕೈಯಲ್ಲಿದ್ದ ಅಂಗಿಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. “ಇಳಿಯುತ್ತೆ. ಹುಣ್ಣಿಮೆಗೆ ಇಳಿದಷ್ಟೇ.”

“ನನಗೆ ಯಾಕೆ ಹೇಳ್ಲಿಲ್ಲ?”

“ದೋಣಿ ಸಿಕ್ಕಿದ್ರೆ ನೀನು ಹೊರಟುಹೋಗ್ತಿದ್ದೆ ಕಣೋ. ನಿನ್ನ ಸಂಬಳದಲ್ಲೇ ಅಲ್ವಾ ಈ ಮನೆ ನಡೀತಿರೋದು?”

ಹಿಂಡಿದ ಆ ಅಂಗಿ ನನ್ನದೇ. ಒದ್ದೆಯದನ್ನೇ ಕಿತ್ತುಕೊಂಡು ಹೊರಟೆ. ಭಾವ ಎಷ್ಟಾದರೂ ಹೊರಗಿನವನು. ಇವಳು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಫ್ಯಾಕ್ಟರಿಯ ಚೀಲದ ಕೋಣೆಯಲ್ಲಿ ಮಲಗತೊಡಗಿದೆ. ಚಂದ್ರ ಮತ್ತೆ ಸವೆಯುತ್ತಾ ಬಂದ. ಅಮಾವಾಸ್ಯೆಯ ರಜೆ ಕೇಳಿದಾಗ ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿದ.

“ಅಮಾವಾಸ್ಯೆ ದಿನ ರಜೆನಾ? ತಲೆ ನೆಟ್ಟಗಿದೆಯೇನೋ?”

“ಈಗ ನೆಟ್ಟಗಾಗಿದೆ ಮೇಸ್ತ್ರಿ.”

ಆ ಬೆಳಿಗ್ಗೆ ಆಕಾಶದಲ್ಲಿ ಚಂದ್ರನಿರಲಿಲ್ಲ. ಸಮುದ್ರ ಮಾತ್ರ ನಾಚಿಕೆಯಿಲ್ಲದೆ ಬುಡದವರೆಗೆ ಇಳಿದು ಮಲಗಿತ್ತು. ದಿಬ್ಬಕ್ಕೆ ಹೋಗಿ ಗೂಟಗಳನ್ನು ಒಂದೊಂದಾಗಿ ಅಲುಗಾಡಿಸಿ ಕಿತ್ತೆ, ಉಳಿದ ನೀಲಿ ತುಂಡುಗಳಿಂದ ಕಟ್ಟು ಕಟ್ಟಿದೆ. ತಲೆಯೆತ್ತಿದರೆ ದಡದ ಕಡೆಯಿಂದ ಇಬ್ಬರು ಬರುತ್ತಿದ್ದರು. ಮುಂದೆ ಭಾವ, ಹೆಗಲಿಗೆ ಹಗ್ಗದ ಸುರುಳಿ. ಹಿಂದೆ ಅಕ್ಕ, ತಲೆಯ ಮೇಲೆ ಚಿಪ್ಪುಮರಿಯ ಬುಟ್ಟಿ.

“ಗೂಟ ಎಲ್ಲೋ?” ಭಾವ ಕಿರುಚಿದ.

“ನಾನು ಹೊಡೆದದ್ದು, ನಾನೇ ಕಿತ್ತೆ. ವಾಪಸ್ ಹೋಗಿ ಭಾವ. ಚಂದ್ರ ಇಲ್ಲ, ನೀರು ಇಳಿದಿಲ್ಲ. ಇಲ್ಲೇ ನಿಂತ್ರೆ ಮುಳುಗಿ ಹೋಗ್ತೀರ.”

ಒಣ ಮರಳಿನ ಮೇಲೆ ನಿಂತು ಅವನು ಬಾಯಿಗೆ ಬಂದಂತೆ ಬೈದ. ಅಕ್ಕ ಬೈಯಲಿಲ್ಲ. ಬುಟ್ಟಿಯ ನೀರು ಅವಳ ಕಿವಿಯ ಪಕ್ಕದಿಂದ ಇಳಿದು ಕುತ್ತಿಗೆಗೆ ಹರಿಯುತ್ತಿತ್ತು.

“ಮನೆಗೆ ಬಾರೋ,” ಎಂದಳು. “ಭಾರ ಆಗ್ತಿದೆ, ಮೊದ್ಲು ಇದನ್ನ ಇಳಿಸ್ಕೋ.”

ಕೈ ತಾನಾಗಿಯೇ ಮುಂದೆ ಹೋಯಿತು. ಹಾಳಾದ ಅಭ್ಯಾಸ. ಅದೇ ಕೈಯಿಂದ ಗೂಟಗಳ ಕಟ್ಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಅವಳನ್ನು ದಾಟಿ ನಡೆದೆ.