ಕಾಫಿಯ ಹೊತ್ತು

ಹಾರ್ಮೆನ್ ಇನ್ನೊಂದು ಫಲಕದ ಮುಂದೆ ನಿಂತುಬಿಟ್ಟ. ಝುಟ್ಫೆನ್ ಊರಿನ ಹಳೇ ಕೋಟೆಗೋಡೆಯ ಉದ್ದಕ್ಕೂ ಇಂಥ ಫಲಕಗಳಿಗೆ ಬರವಿಲ್ಲ, ಅವನೋ ಒಂದನ್ನೂ ಬಿಡುವ ಆಸಾಮಿಯಲ್ಲ. ಕನ್ನಡಕವನ್ನು ಹಣೆಗೇರಿಸಿ, ಕೈ ಹಿಂದೆ ಕಟ್ಟಿಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಾನೆ. ಓದಿದ್ದನ್ನು ಹೆಂಡತಿಗೆ ಒಪ್ಪಿಸದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗುವುದಿಲ್ಲ.

"ಫೆನ್ನಾ, ಇಲ್ಲಿ ಕೇಳು. ಈ ಗೋಡೇನ ಎರಡು ಸಲ ಕೆಡವಿ ಕಟ್ಟಿದ್ದಾರಂತೆ."

"ಮೂರನೇ ಸಲ ನಾನೇ ಕೆಡವ್ತೀನಿ. ಈಗ ನಡಿ."

ಅವನು ನಕ್ಕ. ಫೆನ್ನಾ ನಗಿಸಲು ಹೇಳಿರಲಿಲ್ಲ. ಆ ಗೋಡೆಯ ಒಳಗೆ, ನಾಲ್ಕು ಬೀದಿ ಆಚೆ, ಅವಳ ಅಣ್ಣ ಬೆರೆಂಡನ ಮನೆ. ಅಣ್ಣತಂಗಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಈ ವಾರಾಂತ್ಯದ ನಡಿಗೆಗೆ ಇದೇ ಊರು ಆಗಲಿ ಎಂದು ಅವಳು ಹೇಳಿದಾಗ ಗಂಡ ಕಾರಣ ಕೇಳಲಿಲ್ಲ. ಗುರುತು ಹಾಕಿದ ಕಾಲುದಾರಿ ಇದೆಯೇ ಎಂದಷ್ಟೇ ಕೇಳಿದ. ರೈಲಿನಲ್ಲಿ ಅವಳೇ ಬಾಯಿಬಿಟ್ಟಳು.

"ಅಣ್ಣನ ಮನೆ ಬೆಲ್ ಒತ್ತಬೇಕು, ಹಾರ್ಮೆನ್. ಈ ಸಲ ಒತ್ತದೇ ಹೋದ್ರೆ ಇನ್ನು ಯಾವತ್ತೂ ನನ್ನ ಕೈಲಾಗಲ್ಲ."

"ಒತ್ತು," ಎಂದ ಹಾರ್ಮೆನ್, ನಕ್ಷೆಯಿಂದ ತಲೆ ಎತ್ತದೆ. "ದಾರಿ ಹೇಗೂ ಆ ಕಡೆಯಿಂದಾನೇ ಹೋಗುತ್ತೆ."

ಜಗಳದ ಮೂಲ ಇಷ್ಟೇ. ತಾಯಿ ಸಾಯುವಾಗ ಹತ್ತಿರವಿದ್ದವನು ಬೆರೆಂಡ್ ಒಬ್ಬನೇ. ರಾತ್ರಿ ಅವಳ ಉಸಿರು ಕೆಟ್ಟಾಗ ಅವನು ತಂಗಿಗೆ ಫೋನ್ ಮಾಡಲಿಲ್ಲ. ಬೆಳಕು ಹರಿದ ಮೇಲೆ ಮಾಡಿದ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಎಂದು ಕೇಳಿದ್ದಕ್ಕೆ, "ಹತ್ತು ಗಂಟೆ ದಾಟಿಹೋಗಿತ್ತಲ್ಲ, ಫೆನ್ನಾ," ಎಂದ. ರಾತ್ರಿ ಹತ್ತರ ಮೇಲೆ ಯಾರ ಮನೆಗೂ ಫೋನ್ ಮಾಡಬಾರದು ಎಂದು ಇಬ್ಬರಿಗೂ ಕಲಿಸಿದವಳು ಆ ತಾಯಿಯೇ. ಅದು ಗೊತ್ತಿದ್ದರಿಂದಲೇ ಫೆನ್ನಾಳ ಹೊಟ್ಟೆ ಇನ್ನಷ್ಟು ಉರಿಯಿತು. "ಅಮ್ಮ ಸಾಯ್ತಾ ಇದ್ಲು, ನೀನು ಗಡಿಯಾರ ನೋಡ್ತಾ ಕೂತಿದ್ಯಾ?" ಎಂದು, ತಾಯಿಯನ್ನು ಹೂಳಿ ಬಂದ ಮೇಲೆ ಎಲ್ಲರೂ ಕಾಫಿಗೆ ಕೂತಿದ್ದಾಗ, ನೆಂಟರೆಲ್ಲರ ಎದುರಿಗೇ ಅಂದುಬಿಟ್ಟಳು. ಅಲ್ಲಿಗೆ ಮಾತು ಕಡಿಯಿತು.

ಶನಿವಾರವಿಡೀ ಹಾರ್ಮೆನ್ ಅವಳನ್ನು ಸತಾಯಿಸಿದ. ಹೊಳೆಯ ಮೇಲಿನ ಕಮಾನು, ಸಂತೆಯ ಚೀಸ್ ಅಂಗಡಿ, ಗೋಪುರ, ಗೋಪುರದ ಹಿಂದೆ ಇನ್ನೊಂದು ಫಲಕ. ಅಡ್ಡದಾರಿ ಹಿಡಿಯೋಣವೆಂದರೆ ಗುರುತಿನ ದಾರಿ ಬಿಡಲು ಅವನಿಗೆ ಮನಸ್ಸಿಲ್ಲ. ಅಣ್ಣನ ಬೀದಿಗೆ ಬರುವ ಹೊತ್ತಿಗೆ ಮಾರ್ಚ್ ತಿಂಗಳ ಕತ್ತಲು ಇಳಿಯುತ್ತಿತ್ತು. ಪರದೆಯಿಲ್ಲದ ದೊಡ್ಡ ಕಿಟಕಿಯೊಳಗೆ ದೀಪ ಉರಿಯುತ್ತಿತ್ತು. ಬೆರೆಂಡ್ ಮೇಜಿನ ಮೇಲೆ ಒಂದು ತಟ್ಟೆ ಇಟ್ಟು, ಪಾತ್ರೆಯಿಂದ ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಅವನು ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು, ಮರುಕ್ಷಣ ಇಬ್ಬರೂ ಬೇರೆ ಕಡೆ ನೋಡಿದರು. ಬೀದಿಯಲ್ಲಿ ಹೋಗುವವರು ಮನೆಯೊಳಗೆ ಇಣುಕಬಾರದೆಂಬುದನ್ನೂ ಕಲಿತದ್ದು ಒಂದೇ ತಾಯಿಯಿಂದ ತಾನೇ.

"ಒತ್ತು ಮತ್ತೆ," ಎಂದ ಹಾರ್ಮೆನ್.

"ಆರು ಗಂಟೆ. ಊಟಕ್ಕೆ ಕೂತಿದ್ದಾನೆ."

"ಅದೂ ನಿಜ," ಎಂದು ಅವನು ತಕ್ಷಣ ಒಪ್ಪಿದ. ಕರೆಯದೆ ಊಟದ ಹೊತ್ತಿಗೆ ಯಾರ ಬಾಗಿಲಲ್ಲಿಯಾದರೂ ನಿಲ್ಲುವುದುಂಟೆ?

"ನಾಳೆ ಬರೋಣ. ಹತ್ತೂವರೆಗೆ, ಕಾಫಿ ಹೊತ್ತಿಗೆ," ಎಂದಳು. ಹೇಳುವಾಗ ಎದೆ ಹಗುರಾಯಿತು. ಆ ಹಗುರಕ್ಕೆ ಅವಳಿಗೇ ನಾಚಿಕೆಯಾಯಿತು.

ಅವರು ಇಳಿದುಕೊಂಡಿದ್ದ ಮನೆ ಐಸೆಲ್ ನದಿಯ ಆಚೆ ದಡದಲ್ಲಿತ್ತು. ಭಾನುವಾರ ಬೆಳಿಗ್ಗೆ ಹಾರ್ಮೆನ್ ಬೂಟು ಕಟ್ಟುತ್ತ, "ಈ ದಡದ ಕಾಲುದಾರಿ ಒಂದು ತುಂಡು ಬಾಕಿ ಇದೆ. ಮುಗಿಸ್ಕೊಂಡು ಸೇತುವೆ ದಾಟಿದ್ರೆ ಕಾಫಿಗೆ ಸರಿಹೋಗುತ್ತೆ," ಎಂದ. ಅರ್ಧ ದಾರಿಯಲ್ಲಿ ಹುಲ್ಲುಗಾವಲೇ ಮಾಯ. ನದಿ ಉಕ್ಕಿ, ಬೇಲಿಯ ಗೂಟಗಳ ತಲೆಗಳು ಮಾತ್ರ ಕಾಣುತ್ತಿದ್ದವು. ಅವನು ಅದರಲ್ಲೂ ಮುಂದೆ ಹೋದ.

"ಮ್ಯಾಪಲ್ಲಿ ದಾರಿ ಇದೆ."

"ಮ್ಯಾಪ್ ಒಣಗೇ ಇದೆ. ನನ್ನ ಕಾಲು ಒದ್ದೆ."

"ಸ್ವಲ್ಪ ಮುಂದೆ ಏರಿದ್ರೆ ಸರಿಹೋಗುತ್ತೆ."

ಸರಿಹೋಗಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಏರಿಯ ಮೇಲೆ ಸುತ್ತು ಹಾಕಬೇಕಾಯಿತು. ಎದುರು ದಡದಲ್ಲಿ ಊರು ಕೈಗೆಟುಕುವಂತೆ ಕಾಣುತ್ತಿತ್ತು. ಚರ್ಚಿನ ಗಡಿಯಾರ ಹತ್ತೂವರೆ ಹೊಡೆಯಿತು, ಆಮೇಲೆ ಹನ್ನೊಂದು. ಗಂಡನ ಬೆನ್ನು ನೋಡುತ್ತ ಅವಳು ಹಲ್ಲು ಕಡಿದಳು. ನಿನ್ನೆಯೂ ಅವನನ್ನು ಬಿಟ್ಟು ಒಬ್ಬಳೇ ಹೋಗಬಹುದಿತ್ತು, ಇವತ್ತೂ ಹೋಗಬಹುದಿತ್ತು. ಕಾಲಿಗೆ ಯಾರೂ ಹಗ್ಗ ಕಟ್ಟಿರಲಿಲ್ಲ. ಅವನ ಮೇಲೆ ಬಂದ ಸಿಟ್ಟಿನ ಅರ್ಧ ತನ್ನ ಮೇಲಿನದೇ ಎಂದು ತಿಳಿದು ಸಿಟ್ಟು ಇನ್ನೂ ಹೆಚ್ಚಾಯಿತು.

ಅಣ್ಣನ ಬೀದಿ ಮುಟ್ಟಿದಾಗ ಮಧ್ಯಾಹ್ನ. ಹಾರ್ಮೆನ್ ಕೈಗಡಿಯಾರ ನೋಡಿಕೊಂಡ.

"ಹನ್ನೆರಡೂವರೆ. ಈಗ ಎಲ್ಲರೂ ಮಧ್ಯಾಹ್ನದ ಬ್ರೆಡ್ ತಿನ್ನೋ ಹೊತ್ತು, ಫೆನ್ನಾ. ಈಗ ಹೋದ್ರೆ ಚೆನ್ನಾಗಿರಲ್ಲ. ಇನ್ನೊಂದು ದಿನ ಫೋನ್ ಮಾಡಿ, ಹೊತ್ತು ಗೊತ್ತು ಮಾಡ್ಕೊಂಡು..."

ಅವಳಿಗೆ ಆ ಮಾತು ಗಂಡನ ಬಾಯಿಂದ ಬಂದಂತೆ ಕೇಳಿಸಲೇ ಇಲ್ಲ. ಹತ್ತು ಗಂಟೆ ದಾಟಿಹೋಗಿತ್ತಲ್ಲ, ಫೆನ್ನಾ. ಅಣ್ಣನ ಆ ಧ್ವನಿಯಲ್ಲಿ ಆವತ್ತು ಕಲ್ಲುಮನಸ್ಸು ಕಂಡಿತ್ತು. ಇವತ್ತು ಅದು ಬರೀ ದಿಕ್ಕು ತೋಚದ ಮನುಷ್ಯನ ದನಿಯಾಗಿತ್ತು. ಅವಳು ಸೀದಾ ಹೋಗಿ ಬೆಲ್ ಒತ್ತಿದಳು. ಉತ್ತರವಿಲ್ಲ. ಮತ್ತೆ ಒತ್ತಿದಳು.

ಪಕ್ಕದ ಮನೆಯಾಕೆ ಸೈಕಲ್ಲನ್ನು ಹೊರಗೆ ತಳ್ಳಿಕೊಂಡು ಬಂದು ನಿಂತಳು. "ಬೆರೆಂಡ್ ಇಲ್ಲ. ಈಗ ತಾನೇ ಸೈಕಲ್ ಹತ್ತಿ ಹೋದ. ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಅಲ್ಲಾಡಿರಲಿಲ್ಲ. ಚರ್ಚಿಗೂ ಬರಲಿಲ್ಲ. ನೀವು ಅವನ ತಂಗಿ ಇರಬೇಕು."

"ಹೌದು. ಆದ್ರೆ ಬರ್ತೀನಿ ಅಂತ ನಾನು ಹೇಳಿರಲಿಲ್ಲ."

"ಅವನೂ ಅದನ್ನೇ ಅಂದ. ಅವಳೇನೂ ಹೇಳಿಲ್ಲ, ಆದ್ರೆ ಊಟದ ಹೊತ್ತಿಗೆ ಬರೋಳಲ್ಲ, ಬಂದ್ರೆ ಕಾಫಿಗೆ ಬರ್ತಾಳೆ ಅಂತ."

"ಎಲ್ಲಿಗೆ ಹೋದ?"

"ಹೇಳಲಿಲ್ಲ. ಭಾನುವಾರ ಹೊರಟ್ರೆ ವಾಪಸ್ ಬರೋವಾಗ ಒಂದೊಂದ್ಸಲ ಕತ್ತಲಾಗುತ್ತೆ." ಆಕೆ ಸೈಕಲ್ ಹತ್ತಿ ಹೋದಳು.

ಕಿಟಕಿಯ ಕೆಳಗೆ, ಬಾಗಿಲ ಪಕ್ಕದಲ್ಲಿ ಒಂದು ಮರದ ಬೆಂಚು. ಫೆನ್ನಾ ಕೂತಳು.

"ರೈಲಿದೆಯಲ್ಲ," ಎಂದ ಹಾರ್ಮೆನ್.

"ನೀನು ಹೋಗು."

"ಕತ್ತಲಾಗುತ್ತೆ ಅಂದ್ಲು ಆಕೆ. ಅಷ್ಟೊತ್ತಿಗೆ ಊಟದ ಹೊತ್ತೇ ಬಂದಿರುತ್ತೆ."

"ಬರಲಿ."

ಅವಳು ಬಗ್ಗಿ ಒದ್ದೆ ಬೂಟುಗಳ ಲೇಸು ಬಿಚ್ಚಿದಳು. ಬೂಟುಗಳನ್ನು ಅಣ್ಣನ ಹೊಸ್ತಿಲ ಬದಿಯಲ್ಲಿ ಜೋಡಿಸಿಟ್ಟು, ಕಾಲುಚೀಲ ಹಿಂಡಿ ಬೆಂಚಿನ ಕೈಮೇಲೆ ಹರವಿದಳು. ಹಾರ್ಮೆನ್ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

ಆಗ ಅವಳು ತಿರುಗಿ, ಯಾವ ಮುಜುಗರವೂ ಇಲ್ಲದೆ, ಕಿಟಕಿಯೊಳಗೆ ನೋಡಿದಳು. ಮೇಜಿನ ಮೇಲೆ ಮೂರು ಕಪ್ಪುಗಳಿದ್ದವು. ಒಂದು ಕುಡಿದು ಮುಗಿಸಿದ್ದು. ಉಳಿದೆರಡು ಇನ್ನೂ ಕಾಫಿ ಸುರಿಯದವು, ಪ್ರತಿಯೊಂದರ ತಟ್ಟೆಯ ಅಂಚಿನಲ್ಲೂ ಒಂದೊಂದು ಬಿಸ್ಕತ್ತು.