ಭೀತಿ ಕಂಡರೆ ಕೂಡಲೇ ತಿಳಿಸಿ

ಯಾರು ಏನೇ ಹೇಳಲಿ, ನನ್ನ ತಮ್ಮನಿಗೆ ಎರಡು ಸಲ ಹೇಳಬೇಕು. ಕಿವಿ ಮಂದವೇನಲ್ಲ, ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಅವನಿಗೆ ಕೇಳಿಸುತ್ತದೆ. ಮೊದಲ ಸಲ ಕೇಳಿದ್ದನ್ನು ನಂಬುವುದು ಅವನ ಜಾಯಮಾನದಲ್ಲೇ ಇಲ್ಲ, ಅಷ್ಟೆ. ಕತ್ತನ್ನು ಎಡಕ್ಕೆ ವಾಲಿಸಿ, ಕನ್ನಡಕದ ಮೇಲಿನಿಂದ ನೋಡುತ್ತಾ "ಇನ್ನೊಂದ್ಸಲ?" ಅನ್ನುತ್ತಾನೆ. ಮೂವತ್ತೆಂಟು ವರ್ಷ ಒಂದೇ ಮುದ್ರಣಾಲಯದ ಒಂದೇ ಕುರ್ಚಿಯಲ್ಲಿ ಕೂತು ಕರಡು ತಿದ್ದಿದವನು. ಮೊದಲ ಓದು ಅರ್ಥಕ್ಕೆ, ಎರಡನೆಯದು ಅಕ್ಷರಕ್ಕೆ ಎನ್ನುವುದು ಅವನ ಪಾಲಿನ ವೇದ. ಇವನಿಗೆ ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟೆ: ಯಾವಳೋ ಪುಣ್ಯಾತ್ಗಿತ್ತಿ "ಒಪ್ಪಿಗೆ" ಅಂದಿರಬೇಕು, ಇವನು "ಇನ್ನೊಂದ್ಸಲ?" ಅಂದಿರಬೇಕು.

ಅವನ ಕಂದು ಕೋಟಿನ ಬಲ ಮೊಣಕೈ ಮೇಜಿಗೆ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತದೆ. ಎದೆಜೇಬಿನಲ್ಲಿ ಕೆಂಪು ಪೆನ್ನು ಸೋರಿ ಆದ ಕಲೆ, ದೂರದಿಂದ ಕಂಡವರು ಗಾಯವೆಂದು ಗಾಬರಿಬೀಳುವಷ್ಟು ದೊಡ್ಡದು. ನಿವೃತ್ತನಾದ ಮೇಲೂ ಚಾಳಿ ಬಿಡಲಿಲ್ಲ. ಸೋಪಿನ ಹೊದಿಕೆಯನ್ನೂ ತಿದ್ದದೆ ಕಸದ ಬುಟ್ಟಿಗೆ ಹಾಕುವ ಪೈಕಿಯವನಲ್ಲ.

ನನ್ನ ಯಜಮಾನರು ತೀರಿಕೊಂಡ ಮೇಲೆ ಅವನ ಎರಡು ಕೋಣೆಯ ಮನೆಗೆ ಬಂದೆ. ಬಂದ ವಾರದಲ್ಲೇ ಅವನ ನಡಿಗೆ ನನಗೆ ಹಿಡಿಸಲಿಲ್ಲ. ಬಲಗಾಲನ್ನು ಪೂರ್ತಿ ಊರದೆ, ಒದ್ದೆ ನೆಲದ ಮೇಲೆ ನಡೆಯುವವರ ಹಾಗೆ ಅಂಚಿನಲ್ಲೇ ಹೆಜ್ಜೆ ಹಾಕುತ್ತಿದ್ದ. ಹಿಡಿದು ಕೂರಿಸಿ ನೋಡಿದರೆ, ಅಂಗಾಲಿನಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆ.

"ಮಸಿ, ಅಕ್ಕ. ಪ್ರೆಸ್ಸಿನಲ್ಲಿ ಬರಿಗಾಲಲ್ಲಿ ಓಡಾಡಿದ್ದು."

"ಪ್ರೆಸ್ಸು ಬಿಟ್ಟು ಆರು ವರ್ಷ ಆಯ್ತಲ್ಲೋ! ಯಾವ ಸೀಮೆ ಮಸಿಯೋ ಅದು?"

ಆಸ್ಪತ್ರೆಯಲ್ಲಿ ಮೆಲನೋಮ ಅಂದರು. ಚರ್ಮಕ್ಕೆ ಬಣ್ಣ ಕೊಡುವ ಕಣಗಳೇ ದಾರಿತಪ್ಪಿ ಬೆಳೆಯುವ ಕ್ಯಾನ್ಸರು. ಅಂಗಾಲಿನದನ್ನು ಕೊಯ್ದು ತೆಗೆದರು. ಅಷ್ಟರಲ್ಲಿ ಅದು ತೊಡೆಸಂದಿಗೂ, ಅಲ್ಲಿಂದ ಶ್ವಾಸಕೋಶಕ್ಕೂ ಹಬ್ಬಿಯಾಗಿತ್ತು. ಇನ್ನು ಇಮ್ಯುನೊಥೆರಪಿಯೇ ಗತಿ ಎಂದು ಡಾಕ್ಟರಮ್ಮ ಹೇಳಿದಾಗ, ಅರ್ಥವಾಗದ್ದನ್ನು ಮೈಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಇವನು ಪಟ್ಟು ಹಿಡಿದ.

ಆ ಹೆಣ್ಣುಮಗಳ ತಾಳ್ಮೆಗೆ ಕೈಮುಗಿಯಬೇಕು. "ನಿಮ್ಮ ರಕ್ತದಲ್ಲೇ ಕಾವಲು ಕಣಗಳಿವೆ ಸರ್. ಕ್ಯಾನ್ಸರ್ ಕಣ ಅವುಗಳ ಎದುರು 'ನಾನು ನಿಮ್ಮವನೇ' ಅಂತ ಸನ್ನೆ ಮಾಡುತ್ತೆ, ಅವು ಸುಮ್ಮನಾಗ್ತವೆ. ಈ ಔಷಧಿ ಕ್ಯಾನ್ಸರನ್ನ ನೇರ ಮುಟ್ಟೋದಿಲ್ಲ. ಆ ಸನ್ನೆ ನಾಟದ ಹಾಗೆ ಮಾಡುತ್ತೆ."

"ಇನ್ನೊಂದ್ಸಲ?"

ಎರಡನೆಯ ಸಲ ಕೇಳಿದವನ ಮುಖ ಅರಳಿತು. "ಹಾಗಾದ್ರೆ ಇದು 'ಹಾಲು' ಇರಬೇಕಾದ ಕಡೆ 'ಹಾಳು' ಬಿದ್ದ ಹಾಗೆ. ಅರ್ಥವಿಲ್ಲದ ತಪ್ಪನ್ನ ಮಗುವೂ ಹಿಡಿಯುತ್ತೆ. ಇನ್ನೊಂದು ಮಾತಿನ ವೇಷ ಹಾಕ್ಕೊಂಡು ಬಂದ ತಪ್ಪಿನ ಮೇಲೆ ಕಣ್ಣು ಜಾರುತ್ತೆ. ನೀವು ಕಾವಲಿನವರ ಕಣ್ಣು ತೆರೆಸ್ತೀರಿ."

"ಸರಿಯಾಗಿ ಹೇಳಿದ್ರಿ. ಕಣ್ಣು ತೀರಾ ಚುರುಕಾದ್ರೆ?"

"ಸರಿಯಿರೋದನ್ನೂ ತಿದ್ದುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಕಾಯಿಲೆ ಅದು!"

"ಅದೇ ಇದರ ಅಪಾಯ ಸರ್. ಮೈಯ ಯಾವ ಅಂಗದ ಮೇಲಾದ್ರೂ ತಿರುಗಿ ಬೀಳಬಹುದು. ಲಕ್ಷಣಗಳೆಲ್ಲ ಈ ಹಾಳೆಯಲ್ಲಿವೆ, ಕಂಡ ತಕ್ಷಣ ಫೋನ್ ಮಾಡಿ." ಗುಣ ಕಾಣುವುದು ಹತ್ತು ಜನರಲ್ಲಿ ಮೂರ್ನಾಲ್ಕು ಜನರಿಗೆ ಎನ್ನುವುದನ್ನೂ ಮುಚ್ಚಿಡದೆ ಹೇಳಿದರು. ಇವನು ಪೆನ್ನು ತೆಗೆದು ಆ ಹಾಳೆಯಲ್ಲಿ ಮೂರು ತಪ್ಪು ತಿದ್ದಿ, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ. "ಸಹಿ ಕೇಳಿದ್ರೆ ಮಾರ್ಕು ಹಾಕ್ತೀರಲ್ಲ ಸರ್!" ಎಂದು ಡಾಕ್ಟರಮ್ಮ ನಕ್ಕರು.

ಮೂರು ವಾರಕ್ಕೊಮ್ಮೆ ಡ್ರಿಪ್ಪು. ಮೂರನೆಯ ಡ್ರಿಪ್ಪು ಆಗಿ ಹತ್ತು ದಿನಕ್ಕೆ ಹೊಟ್ಟೆ ಕೆಟ್ಟಿತು. ಬೆಳಗಿನಿಂದ ಏಳೆಂಟು ಸಲ ಹೋಗಿಬಂದವನ ಕೆನ್ನೆ ಒಳಗೆ ಸೇರಿಕೊಂಡಿತ್ತು. ಫೋನು ಮಾಡೋ ಎಂದು ನಾನು ಗಂಟಲು ಹರಿದುಕೊಂಡೆ.

"ಅದು ಔಷಧಿದಲ್ಲ, ಅಕ್ಕ. ಹಾಳೆಯಲ್ಲಿ ಭೇದಿ ಅನ್ನೋ ಮಾತೇ ಇಲ್ಲ. ಎರಡು ಸಲ ಓದಿದ್ದೀನಿ."

ಅಚ್ಚಾಗಿದ್ದರ ಮೇಲೆ ಅವನಿಗಿದ್ದ ಭರವಸೆ ಅಂಥದ್ದು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. "ಹೊಟ್ಟೆನೋವು, ಭೀತಿ, ಮಲದಲ್ಲಿ ರಕ್ತ ಕಂಡರೆ ಕೂಡಲೇ ತಿಳಿಸಿ."

"ಅಲ್ವೋ, ಹೊಟ್ಟೆಗೂ ಮಲಕ್ಕೂ ನಡುವೆ ಈ ಭೀತಿ ಯಾಕೋ ಬಂತು?"

ಹಾಳೆ ಕಿತ್ತುಕೊಂಡ. ನೋಡಿದ. ಅವನ ಮುಖ ಕಿವಿಯವರೆಗೂ ಕೆಂಪೇರಿದ್ದನ್ನು ಹುಟ್ಟಿದಾಗಿನಿಂದ ಅವನನ್ನು ಕಂಡ ನಾನು ಅವತ್ತೇ ಮೊದಲು ನೋಡಿದ್ದು. ಕಾಯಿಲೆಯವನಿಗೆ ಹೆದರಿಕೆ ಸಹಜವಲ್ಲವೇ, ಅದನ್ನೂ ಕೇಳುತ್ತಾರೆ ಎಂದುಕೊಂಡು ಅವನ ಕಣ್ಣು 'ಭೇದಿ'ಯ ಜಾಗದಲ್ಲಿ ಬಿದ್ದಿದ್ದ ಆ ಪದದ ಮೇಲೆ ಎರಡು ಸಲವೂ ಹಾಯಾಗಿ ಜಾರಿಹೋಗಿತ್ತು.

ಫೋನು ಮಾಡಿದ್ದು ನಾನೇ. ಆ ಕಡೆಯಿಂದ ಡಾಕ್ಟರಮ್ಮ, "ಈಗಲೇ ಹೊರಡಿ. ಇನ್ನೆರಡು ದಿನ ಬಿಟ್ರೆ ಕರುಳು ತೂತಾಗಬಹುದು" ಅಂದರು. ಕಾವಲಿನವರನ್ನು ತಣ್ಣಗಾಗಿಸಲು ಸ್ಟೀರಾಯ್ಡು ಏರಿಸಿದರು, ಇಮ್ಯುನೊಥೆರಪಿ ನಿಲ್ಲಿಸಿದರು. ಮಾರನೆಯ ದಿನ ಮಧ್ಯಾಹ್ನ, ನಾನು ಅವನ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದಾಗ, ಗೋಡೆಯ ಕಡೆ ಮುಖಮಾಡಿಕೊಂಡು ಅಂದ:

"ಅಕ್ಕ, ಭೀತಿಯೂ ಆಗಿತ್ತು. ಔಷಧಿ ನಿಲ್ಲಿಸಿಬಿಟ್ರೆ ಅಂತ. ಅದನ್ನೂ ತಿಳಿಸಿರಲಿಲ್ಲ."

"ಈಗ ತಿಳಿಸಿದೆಯಲ್ಲ. ಮಲ್ಕೋ, ಪೆದ್ದು" ಅಂದೆ.

ಕರುಳು ಹಾದಿಗೆ ಬರಲು ಆರು ವಾರ ಬೇಕಾಯಿತು. ಆಮೇಲಿನ ಸ್ಕ್ಯಾನಿನಲ್ಲಿ ಶ್ವಾಸಕೋಶದ ಚುಕ್ಕೆಗಳು ಕಾಣಲಿಲ್ಲ. ತೊಡೆಸಂದಿನ ಗಂಟು ಬಟಾಣಿಯಷ್ಟಕ್ಕೆ ಇಳಿದಿತ್ತು. ಔಷಧಿ ನಿಂತರೂ, ಒಮ್ಮೆ ಕಣ್ಣು ತೆರೆದ ಕಾವಲು ಎಚ್ಚರವಾಗಿಯೇ ಇರಬಹುದಂತೆ. ಇರಬಹುದು ಅಂದರೇ ಹೊರತು ಇರುತ್ತದೆ ಅನ್ನಲಿಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರುತ್ತೇವೆ. ಹೋಗುವ ಹಿಂದಿನ ದಿನ ಅವನು ತಾನಾಗಿಯೇ ಅಡುಗೆಮನೆಗೆ ಬಂದು, ನನಗೆ ದಿಗಿಲಾಗುತ್ತಿದೆ ಅಕ್ಕ ಎಂದು ಹೇಳಿಹೋಗುತ್ತಾನೆ.

ತಿದ್ದುವವರ ಕುಲವೇ ಹೀಗೆ. ಬರೆದವರ ಹೆಸರು ಮುಖಪುಟದ ಮೇಲೆ, ಅಚ್ಚುಹಾಕಿದವರದು ಒಳಪುಟದಲ್ಲಿ, ಇವರದು ಎಲ್ಲೂ ಇಲ್ಲ. ಒಂದು ತಪ್ಪು ಉಳಿದಾಗ ಮಾತ್ರ ಲೋಕಕ್ಕೆ ಇವರ ನೆನಪಾಗುತ್ತದೆ. ಕಂಡವರ ತಪ್ಪನ್ನೆಲ್ಲ ಯಾರಿಗೂ ತಿಳಿಯದಂತೆ ಸರಿಮಾಡಿ ರೂಢಿಯಾದವರು, ತಮ್ಮ ಸಂಕಟವನ್ನೂ ಹಾಗೆಯೇ ಯಾರಿಗೂ ತಿಳಿಯದಂತೆ ಸರಿಮಾಡಿಕೊಳ್ಳಲು ಹೋಗುತ್ತಾರೆ. ಅಂಥವರ ಪಕ್ಕದಲ್ಲಿ, ಹೆಚ್ಚು ಕಲಿತವರೇ ಆಗಬೇಕೆಂದಿಲ್ಲ, ಅವರು ಹೇಳದೆ ಬಿಟ್ಟದ್ದನ್ನು ಓದಿಕೊಳ್ಳುವ ಜೀವವೊಂದು ಇರಬೇಕು.